ಕಿವಿ ‘ಸೆಟ್’ ಆಗುತ್ತದೆ ಎಂದು ನಿಮಗೆ ಹೇಳಿದವರು ಯಾರು?

ಮಳೆ ಬಿಟ್ಟು ಪ್ರೋಗ್ರಾಮ್‌ಗಳ ಸೀಸನ್ ಹತ್ತಿರವಾಗುತ್ತಿದ್ದಂತೆ ಡ್ರಮ್ಮರ್ ಆದ ನನಗೆ ಡ್ರಮ್ಸ್ ನುಡಿಸುವವರಿಂದ ಬರುವ ಪ್ರಶ್ನೆಗಳು ಪ್ರತಿ ವರ್ಷವೂ ಅವೇ. ಡಬಲ್ ಪೆಡಲ್ ಯಾವುದು ಒಳ್ಳೆಯದು, ಕೆಲಸ ಬಿಡಲಾ, ಸಿಂಬಲ್ ತೊಳೆಯುವುದು ಹೇಗೆ. ಅವಕ್ಕೆಲ್ಲ ಕೊನೆಯಲ್ಲಿ ಚುಟುಕಾಗಿ ಉತ್ತರಿಸಿದ್ದೇನೆ. ಈ ಸಲ ಒಂದೇ ಪ್ರಶ್ನೆ ಮಂಗಳೂರಿನಿಂದ ಕುಂದಾಪುರದವರೆಗೆ ಏಳು ಮಂದಿಯಿಂದ ಬಂದಿದೆ. ಹೆಚ್ಚಿನ ಜಾಗ ಅದಕ್ಕೇ ಹೋಗುತ್ತದೆ. ಏಳರಲ್ಲಿ ಒಂದನ್ನು ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 24 ವರ್ಷ. ಮೂರು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುತ್ತಿದ್ದೇನೆ. ಪ್ರೋಗ್ರಾಮ್ ಮುಗಿಸಿ ಬಂದು ಮಲಗಿದರೆ ಕಿವಿಯಲ್ಲಿ ಕುಂಯ್ ಎನ್ನುತ್ತಿರುತ್ತದೆ. ಮೊದಲೆಲ್ಲ ಬೆಳಿಗ್ಗೆ ಸರಿಯಾಗುತ್ತಿತ್ತು, ಈಗ ಮರುದಿನ ಮಧ್ಯಾಹ್ನದವರೆಗೂ ಇರುತ್ತದೆ. ಕಿವಿ ನಿಧಾನಕ್ಕೆ ಸೆಟ್ ಆಗುತ್ತದೆ ಎಂದು ತಂಡದ ಹಿರಿಯರು ಹೇಳುತ್ತಾರೆ. ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಡುತ್ತಾರೆ. ಇಯರ್‌ಪ್ಲಗ್ ಹಾಕಿದರೆ ಫೀಲ್ ಹೋಗುತ್ತದೆಯೇ? ಮುಂದೆ ಬೆಂಗಳೂರಿಗೆ ಹೋಗಿ ಸೆಷನ್ ಡ್ರಮ್ಮರ್ (ರೆಕಾರ್ಡಿಂಗ್‌ಗೆ ಕರೆದಾಗ ಹೋಗಿ ನುಡಿಸುವವನು) ಆಗುವ ಆಸೆ ಉಂಟು. (ಕುಲಶೇಖರ, ಮಂಗಳೂರು)

ಉತ್ತರ: ಕಿವಿ ಸೆಟ್ ಆಗುವುದಿಲ್ಲ ಮಾರಾಯ್ರೆ. ಸ್ಟಿಕ್ ಹಿಡಿದ ಬೆರಳು ದಡ್ಡುಗಟ್ಟಿದ ಹಾಗೆ ಕಿವಿಯೂ ಗಟ್ಟಿಯಾಗುತ್ತದೆ ಎಂದುಕೊಂಡವರು ಹೇಳುವ ಮಾತು ಅದು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯಾ ಇದೆ. ಅದರೊಳಗೆ ಸುಮಾರು 15 ಸಾವಿರ ಕೂದಲುಕೋಶಗಳಿವೆ. ಹುಟ್ಟುವಾಗ ಬಂದದ್ದು ಎಷ್ಟೋ ಅಷ್ಟೇ. ಮನುಷ್ಯರಲ್ಲಿ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದಿಗೆ ಅವು ಬಳಲುತ್ತವೆ, ವಿಶ್ರಾಂತಿ ಸಿಕ್ಕಿದರೆ ಚೇತರಿಸಿಕೊಳ್ಳುತ್ತವೆ. ನಿಮಗೆ ಬೆಳಿಗ್ಗೆ ಸರಿಯಾಗುತ್ತಿದ್ದದ್ದು ಇದೇ ಕಾರಣಕ್ಕೆ. ಬೆಳಿಗ್ಗೆಯದ್ದು ಮಧ್ಯಾಹ್ನಕ್ಕೆ ಹೋಗಿದೆ ಎಂದರೆ ಚೇತರಿಕೆ ನಿಧಾನವಾಗುತ್ತಿದೆ ಎಂದರ್ಥ. ನಿಮ್ಮ ಹಿರಿಯರಿಗೆ ಒಂದು ದಿನ ಸದ್ದು ಕಿರಿಕಿರಿ ಮಾಡುವುದು ನಿಂತಿರಬಹುದು. ಆ ಸದ್ದನ್ನು ಹಿಡಿಯಬೇಕಾದ ಕೋಶಗಳು ಹೋಗಿದ್ದರಿಂದ ನಿಂತಿರುತ್ತದೆ.

ಮರುದಿನ ಪೂರ್ತಿ ಸರಿಯಾದರೂ ನಷ್ಟವಿಲ್ಲ ಎನ್ನುವಂತಿಲ್ಲ. 2009ರಲ್ಲಿ ಪ್ರಕಟವಾದ, ಇಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಜೋರು ಸದ್ದಿನ ಬಳಿಕ ಕಿವಿಯ ಪರೀಕ್ಷೆ ಮಾಮೂಲಿಗೆ ಮರಳಿದರೂ ಕೂದಲುಕೋಶಕ್ಕೂ ನರಕ್ಕೂ ಇರುವ ಕೊಂಡಿಗಳು ಶಾಶ್ವತವಾಗಿ ಕಳಚಿಕೊಂಡಿದ್ದವು. ಅದನ್ನು ಓದಿದ ಮೇಲೆ ಪ್ಲಗ್ ಇಲ್ಲದೆ ಬರುವ ಶಿಷ್ಯರನ್ನು ನಾನು ಡ್ರಮ್ ಸೆಟ್‌ನಲ್ಲಿ ಕೂರಿಸುವುದಿಲ್ಲ. ಒಂದಿಬ್ಬರು ಬೇಸರಪಟ್ಟು ಬೇರೆ ಮೇಷ್ಟ್ರನ್ನು ಹುಡುಕಿಕೊಂಡರು. ಹುಡುಕಿಕೊಳ್ಳಲಿ.

ಲೆಕ್ಕ ಕೇಳಿ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆ ನಯೋಷ್ ಹಾಕಿದ ಮಿತಿ 85 ಡೆಸಿಬೆಲ್, ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ವೇದಿಕೆಯಲ್ಲಿ ನನ್ನ ತಲೆಯ ಪಕ್ಕ ಮೀಟರ್ ಇಟ್ಟು ನೋಡಿದ್ದೇನೆ. ಹಾಡು ನಡೆಯುವಾಗ 100ರ ಆಸುಪಾಸು, ರಿಮ್‌ಶಾಟ್ (ಡ್ರಮ್ಮಿನ ಅಂಚನ್ನೂ ಸೇರಿಸಿ ಹೊಡೆಯುವ ಏಟು) ಬಿದ್ದಾಗ 110 ದಾಟುತ್ತದೆ. ಸಂಜೆ ಏಳಕ್ಕೆ ಶುರುವಾದದ್ದು ಹತ್ತಕ್ಕೆ ಮೈಕ್ ಬಂದ್ ಆಗುವವರೆಗೆ ಮೂರು ಗಂಟೆ. ಹದಿನೈದು ನಿಮಿಷದ ಪಾಲನ್ನು ಹನ್ನೆರಡು ಸಲ ತಿಂದಿರುತ್ತೀರಿ, ಸೌಂಡ್‌ಚೆಕ್ ಬಿಟ್ಟು.

ನನ್ನ ಎಡಗಿವಿಯ ಕಥೆ ಹೇಳುತ್ತೇನೆ, ಯಾಕೆಂದರೆ ಕಿವಿಗೂ ಸೆಷನ್ ಕೆಲಸಕ್ಕೂ ಇರುವ ಸಂಬಂಧ ನಿಮಗೆ ಇನ್ನೂ ಗೊತ್ತಾದಂತಿಲ್ಲ.

ನನಗೆ 39 ಆಗಿದ್ದಾಗ ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ನಾಲ್ಕು ಹಾಡುಗಳ ರೆಕಾರ್ಡಿಂಗ್ ಇತ್ತು. ಮೂರನೇ ಹಾಡಿನ ಎರಡನೇ ಟೇಕ್ ಮುಗಿದಾಗ ಇಂಜಿನಿಯರ್ ಟಾಕ್‌ಬ್ಯಾಕ್‌ನಲ್ಲಿ, ‘ಹೈಹ್ಯಾಟ್ ಸ್ವಲ್ಪ ಕಡಿಮೆ ಮಾಡ್ತೀರಾ ಸರ್?’ ಎಂದ. ಹೈಹ್ಯಾಟ್ ಎಂದರೆ ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್. ಕಡಿಮೆ ಮಾಡಿದೆ. ಮುಂದಿನ ಟೇಕ್ ಮುಗಿದಾಗ ‘ಇನ್ನೂ ಸ್ವಲ್ಪ’ ಎಂದ. ಐದನೇ ಟೇಕ್ ಆದ ಮೇಲೆ ಒಳಗೆ ಕರೆದು ಸ್ನೇರ್ (ಮುಂದಿರುವ ಮುಖ್ಯ ಡ್ರಮ್) ಮೈಕ್‌ನ ಟ್ರ್ಯಾಕ್ ಒಂದನ್ನೇ ಕೇಳಿಸಿದ. ಸ್ನೇರ್ ಏಟುಗಳ ನಡುವೆ ಹೈಹ್ಯಾಟ್ ತುಂಬಿಕೊಂಡಿತ್ತು. ಅದು ನನಗೆ ಕಿವಿಯಿಂದ ಗೊತ್ತಾಗಲಿಲ್ಲ, ಪರದೆಯ ಮೇಲಿನ ಅಲೆ ನೋಡಿ ಗೊತ್ತಾಯಿತು. ಹೈಹ್ಯಾಟ್‌ನ ಚುರುಕು ಸದ್ದು ನನಗೆ ಸಾಲುತ್ತಿರಲಿಲ್ಲ, ಅದಕ್ಕೆ ಕೈ ತಾನಾಗಿ ಜೋರಾಗಿ ಹೊಡೆಯುತ್ತಿತ್ತು. ಸ್ನೇರ್ ಮೈಕ್‌ಗೆ ನುಗ್ಗಿದ ಹೈಹ್ಯಾಟನ್ನು ಆಮೇಲೆ ಬೇರ್ಪಡಿಸುವುದು ಬಹಳ ಕಷ್ಟ. ಸ್ನೇರ್ ಏರಿಸಿದರೆ ಅದೂ ಏರುತ್ತದೆ. ಉಳಿದ ಹಾಡುಗಳನ್ನು ಬೇರೊಬ್ಬರು ನುಡಿಸಿದರು. ಆ ಸ್ಟುಡಿಯೊ ಮತ್ತೆ ನನ್ನನ್ನು ಕರೆಯಲಿಲ್ಲ, ಅವರ ತಪ್ಪೇನೂ ಇಲ್ಲ.

ಊರಿಗೆ ಬಂದು ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆ) ಮಾಡಿಸಿದೆ. ಸದ್ದಿಲ್ಲದ ಸಣ್ಣ ಕೋಣೆ, ತಲೆಗೆ ಹೆಡ್‌ಫೋನ್, ಕೈಯಲ್ಲಿ ಒಂದು ಬಟನ್. ಸದ್ದು ಕೇಳಿದಾಗ ಒತ್ತಬೇಕು. ಎಡಗಿವಿಯ ಸರದಿ ಬಂದಾಗ ಗಾಜಿನ ಆಚೆ ಕುಳಿತ ಹುಡುಗಿ ಗುಂಡಿ ತಿರುಗಿಸುತ್ತಲೇ ಇದ್ದಳು, ನಾನು ಏನೂ ಕೇಳದೆ ಅವಳ ಕೈಯನ್ನೇ ನೋಡುತ್ತಿದ್ದೆ. ಗ್ರಾಫ್‌ನಲ್ಲಿ ಬಲಗಿವಿಯ ಗೆರೆ ಹೆಚ್ಚುಕಡಿಮೆ ನೇರ. ಎಡಗಿವಿಯದ್ದು 4000 ಹರ್ಟ್ಸ್‌ನಲ್ಲಿ 45 ಡೆಸಿಬೆಲ್‌ವರೆಗೆ ಕುಸಿದು, 8000ಕ್ಕೆ ಮತ್ತೆ ಸ್ವಲ್ಪ ಮೇಲೆದ್ದಿತ್ತು. ಜೋರು ಸದ್ದು ತಿಂದ ಕಿವಿಯ ಗುರುತೇ ಆ ತಗ್ಗು. ಹೈಹ್ಯಾಟ್ ನನ್ನ ಎಡಗಡೆ ಇರುತ್ತದೆ, ಇಪ್ಪತ್ತು ವರ್ಷ ಅಲ್ಲೇ ಇತ್ತು. ಮಾತು ಮಾತ್ರ ಸರಿಯಾಗಿಯೇ ಕೇಳುತ್ತಿತ್ತು, ಹಾಗಾಗಿ ನನಗೆ ಅನುಮಾನವೇ ಬಂದಿರಲಿಲ್ಲ.

ಸೆಷನ್ ಡ್ರಮ್ಮರ್‌ಗೆ ಸಂಬಳ ಕೊಡುವುದು ಕೈಗಲ್ಲ, ಕಿವಿಗೆ. ಕಿಕ್ (ಕಾಲಿನಿಂದ ನುಡಿಸುವ ಡ್ರಮ್), ಸ್ನೇರ್, ಹೈಹ್ಯಾಟ್ ಮೂರರ ತೂಕ ಟೇಕ್‌ನಿಂದ ಟೇಕ್‌ಗೆ ಬದಲಾಗಬಾರದು. ಬೇಸ್ ಗಿಟಾರಿನವನು ಬೀಟ್‌ಗಿಂತ ಕೂದಲೆಳೆ ಹಿಂದೆ ಕುಳಿತರೆ ಅದು ನಿಮಗೆ ಕೇಳಬೇಕು. ಯಕ್ಷಗಾನದ ಚೆಂಡೆಯವರನ್ನು ಗಮನಿಸಿ; ಭಾಗವತರು ಉಸಿರು ತೆಗೆಯುವಾಗಲೇ ಅವರಿಗೆ ಮುಂದಿನದು ಗೊತ್ತಿರುತ್ತದೆ. ಅದೇ ಕೆಲಸ ನಮ್ಮದೂ. (ಚೆಂಡೆಯವರು, ಹುಲಿವೇಷಕ್ಕೆ ದಿನವಿಡೀ ತಾಸೆ ಬಡಿಯುವವರು, ನಾಸಿಕ್ ಬ್ಯಾಂಡ್‌ನ ಹುಡುಗರು, ಈ ಉತ್ತರ ನಿಮಗೂ ಅನ್ವಯಿಸುತ್ತದೆ. ನಿಮ್ಮ ಕಿವಿಯ ಬಗ್ಗೆ ಯಾರೂ ಮಾತಾಡುವುದೇ ಇಲ್ಲ ಎಂಬ ಸಂಕಟ ನನಗಿದೆ.)

ಈಗ ಪ್ಲಗ್. ಹತ್ತಿ ತುರುಕಬೇಡಿ, ಅದು ಹೆಚ್ಚೇನೂ ತಡೆಯುವುದಿಲ್ಲ. ಮೆಡಿಕಲ್‌ನಲ್ಲಿ ಸಿಗುವ ಫೋಮ್ ಪ್ಲಗ್ ತಡೆಯುತ್ತದೆ, ಆದರೆ ಚುರುಕು ಸದ್ದುಗಳನ್ನೇ ಹೆಚ್ಚು ನುಂಗುವುದರಿಂದ ಎಲ್ಲವೂ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ‘ಫೀಲ್ ಹೋಯಿತು’ ಎನ್ನುವವರೆಲ್ಲ ಹಾಕಿದ್ದು ಅದನ್ನೇ. ಸಂಗೀತಗಾರರಿಗೆಂದೇ ಮಾಡಿದ ಪ್ಲಗ್‌ಗಳು ಎಲ್ಲ ಸದ್ದನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಕಿವಿಯ ಅಚ್ಚು ತೆಗೆದು ಮಾಡಿಸಿಕೊಡುವ ಪ್ಲಗ್‌ಗಳಿಗೆ 9, 15, 25 ಡೆಸಿಬೆಲ್‌ನ ಫಿಲ್ಟರ್‌ಗಳು ಬರುತ್ತವೆ. ಸರಿಯಾಗಿ ಕೂತ 15ರ ಫಿಲ್ಟರ್ ನಿಮ್ಮ 100ನ್ನು 85ಕ್ಕೆ ಇಳಿಸುತ್ತದೆ. ಆ ಮೂರು ಗಂಟೆಯ ಪ್ರೋಗ್ರಾಮ್ ಆಗ ಮಿತಿಯೊಳಗೆ ಬರುತ್ತದೆ. ಮೊದಲ ಎರಡು ವಾರ ವಿಚಿತ್ರ ಅನಿಸುತ್ತದೆ, ನಿಮ್ಮ ಸ್ವರವೇ ತಲೆಯೊಳಗೆ ಗುಂಯ್ಗುಡುತ್ತದೆ, ಸದ್ದು ಸಾಲದೆ ಕೈ ಜೋರಾಗುತ್ತದೆ. ಆ ಎರಡು ವಾರ ಅಭ್ಯಾಸವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ, ಕೈ ತನ್ನ ಜಾಗಕ್ಕೆ ಬರುತ್ತದೆ. ಒಂದು ಒಳ್ಳೆಯ ಕ್ರ್ಯಾಶ್ ಸಿಂಬಲ್‌ನ ಬೆಲೆಗಿಂತ ಎಷ್ಟೋ ಕಡಿಮೆಗೆ ಆಗುವ ಕೆಲಸ.

ಸ್ಟುಡಿಯೊದಲ್ಲಿ ಅಪಾಯ ಬರುವುದು ಕ್ಲಿಕ್‌ನಿಂದ, ಅಂದರೆ ಲಯ ಹಿಡಿಯಲು ಹೆಡ್‌ಫೋನ್‌ನಲ್ಲಿ ಹಾಕುವ ಟಿಕ್‌ಟಿಕ್‌ನಿಂದ. ಡ್ರಮ್ಸ್ ಸದ್ದಿನ ಮೇಲೆ ಕ್ಲಿಕ್ ಕೇಳಲೆಂದು ಅದನ್ನು ಏರಿಸುತ್ತಾ ಹೋಗುತ್ತೀರಿ, ಸೂಜಿಯಂಥ ಬೀಪ್ ಗಂಟೆಗಟ್ಟಲೆ ಒಂದೇ ಜಾಗಕ್ಕೆ ಚುಚ್ಚುತ್ತದೆ. ಹೊರಗಿನ ಸದ್ದನ್ನು ತಡೆಯುವ ಮುಚ್ಚಿದ ಹೆಡ್‌ಫೋನ್ ಅಥವಾ ಕಿವಿಯೊಳಗೆ ಬಿಗಿಯಾಗಿ ಕೂರುವ ಇಯರ್‌ಫೋನ್ (ಇನ್‌ಇಯರ್) ಕೇಳಿ. ಬೀಪ್ ತೆಗೆಸಿ ಕಟ್ಟಿಗೆ ತಟ್ಟಿದಂಥ ಸದ್ದು ಹಾಕಿಸಿ. ಬೇಸ್ ಮತ್ತು ಹಾಡುವವರ ಸ್ವರ ಬಿಟ್ಟು ಉಳಿದದ್ದನ್ನು ಇಳಿಸಲು ಹೇಳಿ, ಕ್ಲಿಕ್ ಅಲ್ಲಿಗೇ ಸಾಕಾಗುತ್ತದೆ. ವೇದಿಕೆಯಲ್ಲಿ ಒಂದು ಕಿವಿಯ ಇನ್‌ಇಯರ್ ತೆಗೆದು ನೇತುಹಾಕಿಕೊಳ್ಳುವ ಚಾಳಿ ದಯವಿಟ್ಟು ಬಿಡಿ. ತೆರೆದ ಕಿವಿಗೆ ಸಿಂಬಲ್ ನೇರ ಬಡಿಯುತ್ತದೆ. ಎರಡೂ ಕಿವಿ ಸೇರಿ ಕೇಳುವಾಗ ಸಿಗುವ ಬಲ ತಪ್ಪಿದ್ದರಿಂದ ಮುಚ್ಚಿದ ಕಿವಿಗೆ ವಾಲ್ಯೂಮ್ ಏರಿಸುತ್ತೀರಿ. ಎರಡೂ ಹಾಳು.

ಬೆಳ್ಳುಳ್ಳಿ ಎಣ್ಣೆ ಇವತ್ತೇ ನಿಲ್ಲಿಸಿ. ಹೊರಗಿವಿಗೂ ಒಳಗಿವಿಗೂ ಮಧ್ಯೆ ಕಿವಿಯ ತಮಟೆ ಉಂಟು. ಎಣ್ಣೆ ಅದನ್ನು ದಾಟುವುದಿಲ್ಲ, ಕಾಕ್ಲಿಯಾ ಎಲುಬಿನೊಳಗೆ ಭದ್ರವಾಗಿದೆ. ಬಿಸಿ ಹೆಚ್ಚಾದರೆ ಸುಡುತ್ತದೆ, ತಮಟೆಯಲ್ಲಿ ತೂತಿದ್ದರೆ ಸೋಂಕು. ಕಿವಿಗೆ ಮೇಣದ ಕೊಳವೆ ಹಚ್ಚಿ ‘ಕಸ’ ಎಳೆಯುತ್ತೇವೆ ಎನ್ನುವವರು, ಎರಡು ತಿಂಗಳಲ್ಲಿ ಟಿನಿಟಸ್ (ಕಿವಿಯೊಳಗಿನ ಈ ಕುಂಯ್ ಸದ್ದು) ಮಾಯ ಎಂದು ಹನಿಮದ್ದು ಮಾರುವವರು ನಿಮ್ಮ ಹೆದರಿಕೆಯನ್ನು ಮಾರಿಕೊಳ್ಳುತ್ತಿದ್ದಾರೆ. ಸತ್ತ ಕೂದಲುಕೋಶವನ್ನು ಮರಳಿ ಬೆಳೆಸುವ ಮದ್ದು ಇಂದಿನವರೆಗೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ಇದ್ದಿದ್ದರೆ ಮೆಟಾಲಿಕಾ ಬ್ಯಾಂಡ್‌ನ ಡ್ರಮ್ಮರ್ ಲಾರ್ಸ್ ಉಲ್ರಿಕ್‌ಗೆ ಮೊದಲು ಸಿಗುತ್ತಿತ್ತು. ತನ್ನ ಕಿವಿಯೊಳಗಿನ ನಿಲ್ಲದ ಸದ್ದಿನ ಬಗ್ಗೆ ಅವರು ಬಹಿರಂಗವಾಗಿಯೇ ಮಾತಾಡಿದ್ದಾರೆ. 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರನ್ನು ನೋಡಲು ಇಲ್ಲಿಂದ ರಾತ್ರಿ ಬಸ್ಸು ಹತ್ತಿದವರಲ್ಲಿ ನಾನೂ ಒಬ್ಬ. ಅವತ್ತೂ ನನ್ನ ಕಿವಿಯಲ್ಲಿ ಪ್ಲಗ್ ಇರಲಿಲ್ಲ.

ನಮ್ಮ ಜಿಲ್ಲೆಗಳಲ್ಲಿ ನೆಪ ಹೇಳುವ ಹಾಗೂ ಇಲ್ಲ. ಮಂಗಳೂರು, ಮಣಿಪಾಲ ಎರಡೂ ಕಡೆ ವಾಕ್ ಮತ್ತು ಶ್ರವಣ ಕಲಿಸುವ ಕಾಲೇಜುಗಳೇ ಇವೆ. ಪ್ರೋಗ್ರಾಮ್ ಮುಗಿದು ಎರಡು ದಿನ ಕಿವಿಗೆ ವಿಶ್ರಾಂತಿ ಕೊಟ್ಟು ಪರೀಕ್ಷೆಗೆ ಹೋಗಿ, ವರ್ಷಕ್ಕೊಮ್ಮೆ ಮಾಡಿಸುತ್ತಿರಿ. ಒಂದು ಎಚ್ಚರಿಕೆ: ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಪರೀಕ್ಷೆಯ ದಿನಕ್ಕೆ ಕಾಯಬೇಡಿ, ಅದೇ ದಿನ ಇಎನ್‌ಟಿ ವೈದ್ಯರ ಬಳಿ ಓಡಿ. ಅದಕ್ಕೆ ಚಿಕಿತ್ಸೆ ಉಂಟು, ಆದರೆ ದಿನಗಳು ಕಳೆದಷ್ಟೂ ಫಲ ಕಡಿಮೆ.

ಪ್ರಶ್ನೆ: ಬ್ಯಾಂಕ್ ಕೆಲಸ ಬಿಟ್ಟು ಪೂರ್ಣಾವಧಿ ಡ್ರಮ್ಮರ್ ಆಗಬಹುದೇ? (ಉಡುಪಿ)

ಉತ್ತರ: ಈಗ ಬೇಡ. ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆವರೆಗಿನ ಡೈರಿ ತುಂಬಿದ್ದನ್ನು ನೋಡಿ ನೀವು ಲೆಕ್ಕ ಹಾಕಿದ್ದೀರಿ. ಆಮೇಲೆ ಮಳೆ. ಆಟಿ ತಿಂಗಳಲ್ಲಿ ಮದುವೆಯಿಲ್ಲ, ಕ್ರಿಸ್ಮಸ್‌ಗೆ ಮುಂಚಿನ ಅಡ್ವೆಂಟ್ ಮತ್ತು ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಕ್ರೈಸ್ತರ ಮದುವೆಯೂ ಇಲ್ಲ. ಆ ಖಾಲಿ ತಿಂಗಳುಗಳ ಮನೆ ಖರ್ಚು ಕೈಯಲ್ಲಿಟ್ಟುಕೊಂಡು, ಎರಡು ಮಳೆಗಾಲ ದಾಟಿಸಿ ತೋರಿಸಿದ ಮೇಲೆ ರಾಜೀನಾಮೆ ಬರೆಯಿರಿ. ಟೂರ್ ಒಪ್ಪಿಕೊಳ್ಳುವಾಗ ಅರ್ಧ ಹಣ ಮೊದಲೇ ಕೈಗೆ ಬರಬೇಕು, ವಾಪಸ್ ಟಿಕೆಟ್ ನಿಮ್ಮ ಹೆಸರಿನಲ್ಲಿ ನಿಮ್ಮ ಬಳಿ ಇರಬೇಕು. ಗಲ್ಫ್‌ನಲ್ಲಿ ಒಮ್ಮೆ ಆಯೋಜಕರೊಬ್ಬರು ಕೊನೆಯ ದಿನ ಫೋನ್ ಎತ್ತಲಿಲ್ಲ. ಆರು ಜನ ಒಂದೇ ಕೋಣೆಯಲ್ಲಿ ಮೂರು ದಿನ ಕುಬೂಸ್ ರೊಟ್ಟಿ ತಿಂದು ಕಳೆದೆವು. ನಿಮಗೆ ಪರಿಚಯದವರಾದರೂ ಸರಿ, ಅಡ್ವಾನ್ಸ್ ಇಲ್ಲದೆ ಹೊರಡಬೇಡಿ.

ಪ್ರಶ್ನೆ: ನುಡಿಸಿದ ಹಾಡಿಗೆ ರಾಯಲ್ಟಿ ಬರುತ್ತದೆಯೇ?

ಉತ್ತರ: 2012ರ ತಿದ್ದುಪಡಿಯ ಬಳಿಕ ಕೃತಿಸ್ವಾಮ್ಯ ಕಾಯಿದೆ, ವಾಣಿಜ್ಯ ಬಳಕೆಯಾದಾಗ ಕಲಾವಿದರಿಗೆ ರಾಯಲ್ಟಿಯ ಹಕ್ಕು ಕೊಟ್ಟಿದೆ. ಕೈಗೆ ಬರುವುದು ಬೇರೆ ಮಾತು. ಕಾಗದಕ್ಕೆ ಸಹಿ ಹಾಕುವ ಮೊದಲು ವಕೀಲರೊಬ್ಬರಿಗೆ ತೋರಿಸಿ.

ಪ್ರಶ್ನೆ: ಸಿಂಬಲ್‌ಗಳನ್ನು ಹುಣಸೆಹುಳಿಯಲ್ಲಿ ಉಜ್ಜಬಹುದೇ?

ಉತ್ತರ: ಅದು ದೇವರ ದೀಪವಲ್ಲ. ಒಳ್ಳೆಯ ಸಿಂಬಲ್ 80 ಪಾಲು ತಾಮ್ರ, 20 ಪಾಲು ತವರದ ಕಂಚು. ಹುಳಿ ಅದರ ಮೇಲ್ಮೈಯನ್ನು ತಿನ್ನುತ್ತದೆ. ನಮ್ಮ ಕಡಲ ಗಾಳಿಗೆ ಬೆವರೂ ಉಪ್ಪೂ ಕೂತಿರುತ್ತದೆ, ನುಡಿಸಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ ಇಟ್ಟರೆ ಸಾಕು.

ಪ್ರಶ್ನೆ: ಡ್ರಮ್ಸ್ ಪರೀಕ್ಷೆಯ ಗ್ರೇಡ್ 8 ಪಾಸಾದರೆ ಸೆಷನ್ ಕೆಲಸ ಸಿಗುತ್ತದೆಯೇ?

ಉತ್ತರ: ಚಾರ್ಟ್ (ಹಾಡಿನ ಬರೆದ ಸ್ವರಲಿಪಿ) ಓದಲು ಬರುತ್ತದೆ, ಅದು ಬೇಕೇ ಬೇಕು. ಸರ್ಟಿಫಿಕೇಟನ್ನು ಇವತ್ತಿನವರೆಗೆ ನನ್ನಲ್ಲಿ ಯಾರೂ ಕೇಳಿಲ್ಲ.

ಪ್ರಶ್ನೆ: ಕಂಪ್ಯೂಟರ್ ಬಂದ ಮೇಲೆ ಡ್ರಮ್ಮರ್ ಯಾರಿಗೆ ಬೇಕು?

ಉತ್ತರ: ನಿಜವಾದ ಡ್ರಮ್ಸ್ ಸದ್ದನ್ನು ಡಿಜಿಟಲ್ ಆಗಿ ತುಂಬಿಕೊಂಡ ಮೊದಲ ಡ್ರಮ್ ಯಂತ್ರ ಎಲ್‌ಎಂ-1 ಬಂದದ್ದು 1980ರಲ್ಲಿ. ಅಂದಿನಿಂದಲೂ ಇದೇ ಪ್ರಶ್ನೆ ಕೇಳುತ್ತಿದ್ದಾರೆ, ನಾನು ನುಡಿಸುತ್ತಲೂ ಇದ್ದೇನೆ. ಪ್ರೋಗ್ರಾಮಿಂಗ್ ನೀವೂ ಕಲಿಯಿರಿ.

ಪ್ರಶ್ನೆ: ಡಬಲ್ ಪೆಡಲ್ ಯಾವುದು ತೆಗೆದುಕೊಳ್ಳಲಿ?

ಉತ್ತರ: ಒಂದೇ ಪೆಡಲ್‌ನಲ್ಲಿ ಐದು ನಿಮಿಷ, ನಿಮಿಷಕ್ಕೆ 60ರ ಕ್ಲಿಕ್‌ಗೆ ಅಲುಗದೆ ನುಡಿಸಿದ ಮೇಲೆ ಕೇಳಿ.

ಕುಲಶೇಖರದ ಹುಡುಗನಿಗೆ ಮತ್ತೊಂದು ಮಾತು. ಈ ತಿಂಗಳೇ ಪರೀಕ್ಷೆ ಮಾಡಿಸಿ ಗ್ರಾಫ್‌ನ ಫೋಟೊ ನನಗೆ ಕಳುಹಿಸಿ. 4000ದ ಜಾಗ ಹೇಗಿದೆ ಎಂದು ನನಗೆ ನೋಡಬೇಕು.