ತಪ್ಪಿಗೆ ಮದ್ದು ಯಾರ ಕೈಯಲ್ಲಿ?

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಮಾಯಾವಿದ್ಯೆ ಕಲಿಸುವ ಶಾಲೆಯ ಬಗ್ಗೆ ಕಥೆ ಬರೆಯುತ್ತಿದ್ದೇನೆ. ನನ್ನ ನಾಯಕಿ ಬೀಗ ಹಾಕಿದ ಕೋಣೆಯಿಂದ ಒಂದು ಮಂತ್ರ ಕದಿಯುತ್ತಾಳೆ. ಅದನ್ನು ಪ್ರಯೋಗಿಸಿದಾಗ ಅವಳ ಗೆಳೆಯನ ದನಿಯೇ ಹೋಗುತ್ತದೆ. ಕೊನೆಗೆ ದೊಡ್ಡ ಗುರುಗಳು ಬಂದು ಎಲ್ಲವನ್ನೂ ಸರಿ ಮಾಡುತ್ತಾರೆ. ಇದು ಸಪ್ಪೆ ಎಂದಳು ನನ್ನ ಅಕ್ಕ. ದನಿ ವಾಪಸ್ ಬರದಿದ್ದರೆ ಕಥೆ ತುಂಬಾ ಕ್ರೂರ ಆಗುವುದಿಲ್ಲವೇ?

ಉತ್ತರ: ನಿನ್ನ ಅಕ್ಕ ಹೇಳಿದ್ದು ಸರಿ. ಆದರೆ ನಿನ್ನ ಭಯವೂ ಸುಳ್ಳಲ್ಲ.

ಕರ್ಣನನ್ನು ನೆನಪಿಸಿಕೋ. ಅವನು ಸುಳ್ಳು ಹೇಳಿ ಪರಶುರಾಮರ ಬಳಿ ಅಸ್ತ್ರವಿದ್ಯೆ ಕಲಿತ. ಗುರುಗಳು ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಹುಳ ಅವನ ತೊಡೆ ಕೊರೆಯಿತು. ಗುರುಗಳ ನಿದ್ದೆ ಕೆಡಬಾರದು ಅಂತ ಅವನು ಅಲುಗಾಡಲಿಲ್ಲ. ರಕ್ತ ತಾಗಿ ಅವರಿಗೆ ಎಚ್ಚರವಾಯಿತು. ಇಷ್ಟು ನೋವು ತಡೆದವನು ಬ್ರಾಹ್ಮಣನಲ್ಲ ಎಂದು ಗೊತ್ತಾಯಿತು. ನೋಡು, ಅವನ ಸುಳ್ಳನ್ನು ಬಯಲು ಮಾಡಿದ್ದು ಅವನ ಕೆಟ್ಟತನ ಅಲ್ಲ, ಗುರುವಿನ ಮೇಲಿನ ಪ್ರೀತಿ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ಸಿಕ್ಕ ಶಾಪವೂ ಎಂಥದ್ದು! ಸುಳ್ಳು ಹೇಳಿ ಪಡೆದ ಆ ಅಸ್ತ್ರವೇ ಬೇಕಾದ ಗಳಿಗೆಯಲ್ಲಿ ಮರೆತುಹೋಗಲಿ ಎಂದು. ತಪ್ಪಿಗೂ ಫಲಕ್ಕೂ ಒಂದೇ ಬೇರು. ನಿನ್ನ ಕಥೆಯಲ್ಲಿ ದನಿಯೇ ಯಾಕೆ ಹೋಗಬೇಕು? ಕದ್ದ ಮಂತ್ರ ಯಾವುದು? ಅದನ್ನು ಮೊದಲು ಗಟ್ಟಿ ಮಾಡಿಕೋ.

ಇನ್ನು ಕ್ರೂರದ ಮಾತು. ಕಚ ಶುಕ್ರಾಚಾರ್ಯರಿಂದ ಸತ್ತವರನ್ನು ಬದುಕಿಸುವ ಮೃತಸಂಜೀವಿನಿ ವಿದ್ಯೆ ಕಲಿತ. ಗುರುಗಳ ಮಗಳು ದೇವಯಾನಿ ಮದುವೆಯಾಗು ಎಂದಳು, ಅವನು ಒಪ್ಪಲಿಲ್ಲ. ಆ ವಿದ್ಯೆ ನಿನಗೆ ಫಲಿಸದಿರಲಿ ಎಂದು ಶಪಿಸಿದಳು. ನಾನು ಯಾರಿಗೆ ಕಲಿಸುತ್ತೇನೋ ಅವರಿಗೆ ಫಲಿಸುತ್ತದೆ ಎಂದ ಕಚ. ಶಾಪ ಹೋಗಲಿಲ್ಲ, ಆದರೆ ದಾರಿ ಮುಚ್ಚಲೂ ಇಲ್ಲ, ಅಲ್ವಾ?

ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಜರ್ಡ್ ಆಫ್ ಅರ್ತ್‌ಸೀ’ ಸಿಕ್ಕರೆ ಓದು. ಅದರಲ್ಲಿ ಗೆಡ್ ಎಂಬ ಹುಡುಗ ಮಾಯಾವಿದ್ಯೆಯ ಶಾಲೆಯಲ್ಲಿ ಜಂಬಕ್ಕೆ ಬಿದ್ದು ಸತ್ತವರ ಆತ್ಮವನ್ನು ಕರೆಯುತ್ತಾನೆ. ಲೋಕದಲ್ಲೇ ಬಿರುಕು ಬಿದ್ದು, ಜೊತೆಗೊಂದು ಕರಿನೆರಳೂ ಹೊರಬರುತ್ತದೆ. ಹಿರಿಯ ಗುರು ಆ ಬಿರುಕು ಮುಚ್ಚಿ ಪ್ರಾಣ ಬಿಡುತ್ತಾರೆ. ಅಲ್ಲೂ ಗುರು ಬರುತ್ತಾರೆ, ನಿಜ. ಆದರೆ ಏನೂ ಮೊದಲಿನಂತೆ ಆಗುವುದಿಲ್ಲ. ಗೆಡ್‌ನ ಮುಖದ ಗಾಯದ ಗುರುತು ಉಳಿಯುತ್ತದೆ. ಆ ನೆರಳನ್ನು ಅವನೇ ಎದುರಿಸಬೇಕು.

ನನ್ನದೇ ಒಂದು ವಿಷಯ ಹೇಳುತ್ತೇನೆ. ಏಳನೇ ತರಗತಿಯಲ್ಲಿ ಗೆಳತಿಯ ಗುಟ್ಟೊಂದನ್ನು ನಾಲ್ಕು ಜನರ ಮುಂದೆ ಹೇಳಿಬಿಟ್ಟೆ. ಅತ್ತು ಕ್ಷಮೆ ಕೇಳಿದೆ. ಅವಳು ಕ್ಷಮಿಸಿದಳು, ಮೊದಲಿನ ಹಾಗೇ ಪಕ್ಕದಲ್ಲೇ ಕೂತಳು. ಆದರೆ ಮತ್ತೆ ಯಾವತ್ತೂ ನನಗೆ ಗುಟ್ಟು ಹೇಳಲಿಲ್ಲ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಆ ಮೌನ ಮಾತ್ರ ಈಗಲೂ ನೆನಪಿದೆ.

ಹಾಗಾಗಿ ದೊಡ್ಡ ಗುರುಗಳನ್ನು ಕಳಿಸಿಬಿಡು. ಶಿಕ್ಷೆಯ ಸಭೆಗೆ ಎರಡು ಸಾಲು ಸಾಕು. ನನಗೆ ಓದಬೇಕು ಅನಿಸುವುದು ಮಾರನೇ ಬೆಳಿಗ್ಗೆಯ ತರಗತಿ. ಹಾಜರಿ ಕೂಗುತ್ತಾರೆ. ಗೆಳೆಯನ ಹೆಸರು ಬರುತ್ತದೆ. ಅವನಿಗೆ ಉತ್ತರ ಕೊಡಲು ಆಗುವುದಿಲ್ಲ. ಪಕ್ಕದಲ್ಲಿ ಕೂತ ನಿನ್ನ ಹುಡುಗಿ ಆಗ ಏನು ಮಾಡುತ್ತಾಳೆ? ಅಲ್ಲಿಂದ ಬರೆ.