ಓದುಗರ ಪ್ರಶ್ನೆ: ಬಂದರಿಲ್ಲದ ಟೊಕೆಲಾವ್

ಪ್ರಶ್ನೆ: ಪೆಸಿಫಿಕ್ ಸಾಗರದ ಟೊಕೆಲಾವ್‌ಗೆ ವಿಮಾನ ನಿಲ್ದಾಣವೂ ಇಲ್ಲ, ಬಂದರೂ ಇಲ್ಲವಂತೆ. ಅಲ್ಲಿನವರ ಜೀವನೋಪಾಯವೇನು? ಅದು ಸ್ವತಂತ್ರ ದೇಶವೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಸ್ವತಂತ್ರ ದೇಶವಲ್ಲ, ನ್ಯೂಜಿಲೆಂಡಿಗೆ ಸೇರಿದ ಪ್ರದೇಶ. ಸಮೋವಾದಿಂದ ಸುಮಾರು 500 ಕಿ.ಮೀ. ಉತ್ತರಕ್ಕಿರುವ ಅಟಾಫು, ನುಕುನೊನು, ಫಕಾವೊಫೊ ಎಂಬ ಮೂರು ಹವಳದ್ವೀಪಗಳೇ ಟೊಕೆಲಾವ್. ಅವುಗಳ ರಚನೆ ನಮ್ಮ ಲಕ್ಷದ್ವೀಪದ್ದೇ: ನಡುವೆ ಆಳವಿಲ್ಲದ ಕಡಲು, ಅದರ ಸುತ್ತ ಮರಳಿನ ಕಿರುದಿಣ್ಣೆಗಳು. ಒಟ್ಟು ನೆಲ ಸುಮಾರು 12 ಚ.ಕಿ.ಮೀ., ಜನಸಂಖ್ಯೆ 1,500ರ ಆಸುಪಾಸು. ಹವಳದ ಮರಳಿನಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ತೆಂಗು, ದೀವಿಹಲಸುಗಳಂಥವನ್ನು ಬಿಟ್ಟರೆ ಹೆಚ್ಚೇನೂ ಬೆಳೆಯುವುದಿಲ್ಲ. ಕುಡಿಯುವ ನೀರಿಗೆ ಚಾವಣಿಯ ಮಳೆನೀರೇ ಆಧಾರ.

ಉಳಿದುದೆಲ್ಲ ಸಮೋವಾದ ಅಪಿಯಾದಿಂದ ಹಡಗಿನಲ್ಲೇ ಬರಬೇಕು. ಒಂದು ಹಗಲು, ಒಂದು ರಾತ್ರಿಗೂ ಮೀರಿದ ಪಯಣ. ಹಡಗು ಹವಳದ ದಂಡೆಯ ಹೊರಗೇ ನಿಲ್ಲುತ್ತದೆ. ಅಕ್ಕಿಯ ಮೂಟೆಯಿರಲಿ, ಕೈಗೂಸಿನ ತಾಯಿಯಿರಲಿ, ಅಲೆಗೆ ಏರಿಳಿಯುವ ಚಪ್ಪಟೆ ದೋಣಿಗೆ ಇಳಿದು, ದಂಡೆಯನ್ನು ಕಡಿದು ಮಾಡಿದ ಕಿರಿದಾದ ಕಾಲುವೆಯ ಮೂಲಕವೇ ದಡ ಸೇರಬೇಕು.

ಇಷ್ಟು ಕಡಿಮೆ ನೆಲವುಳ್ಳ ಈ ದ್ವೀಪಗಳಿಗೆ ಸುತ್ತಲಿನ ಕಡಲಿನಲ್ಲಿ ಮೂರು ಲಕ್ಷ ಚ.ಕಿ.ಮೀ.ಗೂ ಮಿಕ್ಕ ವಿಶೇಷ ಆರ್ಥಿಕ ವಲಯವಿದ್ದು (ಮೀನು ಮೊದಲಾದ ಸಂಪತ್ತಿನ ಹಕ್ಕು ತಮ್ಮದೇ ಆಗಿರುವ ಕಡಲು), ಅಲ್ಲಿ ಟ್ಯೂನಾ ಹಿಡಿಯುವ ವಿದೇಶಿ ಹಡಗುಗಳು ತೆರುವ ಪರವಾನಗಿ ಶುಲ್ಕವೇ ದೊಡ್ಡ ಸ್ವಂತ ವರಮಾನವಾಗಿದೆ; ಉಳಿದ ಕೊರತೆಯನ್ನು ನ್ಯೂಜಿಲೆಂಡಿನ ನೆರವು ತುಂಬುತ್ತದೆ. ಕೊಬ್ಬರಿ ವ್ಯಾಪಾರ ಹಳೆಯ ಮಾತಾಯಿತು. ಡೀಸೆಲ್ಲಿಗೆ ಸುರಿಯುತ್ತಿದ್ದ ಹಣ ಮಾತ್ರ 2012ರಲ್ಲಿ ಮೂರೂ ದ್ವೀಪಗಳಿಗೆ ಸೌರವಿದ್ಯುತ್ ಬಂದ ಮೇಲೆ ಬಹಳ ಇಳಿಯಿತು. ಊರಿನವರೇ ಸಾಮೂಹಿಕವಾಗಿ ಹಿಡಿದ ಮೀನು ಮಾರಾಟಕ್ಕೆ ಹೋಗುವುದಿಲ್ಲ. ‘ಇನಾಟಿ’ ಎಂಬ ಪದ್ಧತಿಯಂತೆ ಅದನ್ನು ಒಂದೆಡೆ ರಾಶಿ ಹಾಕಿ, ಕಡಲಿಗಿಳಿಯಲಾರದ ಮುದುಕರ ಮನೆಗೂ ಪಾಲು ಸಲ್ಲುವಂತೆ ಹಂಚುತ್ತಾರೆ. ಅಂಕಿಅಂಶಗಳಲ್ಲಿ ಕಾಣಿಸದ ಈ ಆದಾಯವನ್ನು ಬಿಟ್ಟು ಟೊಕೆಲಾವ್ ಬಡ ಪ್ರದೇಶವೆನ್ನುವುದು ಅರ್ಧಸತ್ಯ.

ಈ ಜನ ಸ್ವಾತಂತ್ರ್ಯವನ್ನು ನಿರಾಕರಿಸಿದರೆಂಬ ಮಾತೂ ಸರಿಯಲ್ಲ. ನ್ಯೂಜಿಲೆಂಡಿನ ನಂಟು ಉಳಿಸಿಕೊಂಡೇ ಸ್ವಯಮಾಡಳಿತ ಪಡೆಯುವ ಪ್ರಸ್ತಾಪಕ್ಕೆ 2006 ಮತ್ತು 2007ರ ಜನಮತಗಣನೆಗಳಲ್ಲಿ ಬಹುಮತವೇ ಬಂದಿತ್ತು. ಬೇಕಾಗಿದ್ದ ಮೂರನೇ ಎರಡರಷ್ಟು ಮತಗಳಿಗೆ ಎರಡನೆಯ ಬಾರಿ ಕೊರತೆಯಾದದ್ದು ಹದಿನಾರು ಮಾತ್ರ. ಸದ್ಯಕ್ಕೆ ಅವರು ನ್ಯೂಜಿಲೆಂಡಿನ ಪೌರರು. ದ್ವೀಪಗಳಲ್ಲಿರುವವರಿಗಿಂತ ಹಲವು ಪಟ್ಟು ಹೆಚ್ಚು ಟೊಕೆಲಾವ್ ಮೂಲದವರು ಆ ದೇಶದಲ್ಲೇ ನೆಲೆಸಿದ್ದಾರೆ.