ಬಿದ್ದ ಮೇಲೆ ಬಿಡದ ಹೆಗಲು ನೋವು, ದೋಟಿ ಕೆಲಸ: ನನ್ನ ಉತ್ತರ

ಅಣ್ಣಾ, ಮಳೆಗಾಲದಲ್ಲಿ ತೋಟದಲ್ಲಿ ಜಾರಿ ಬಿದ್ದಿರಿ, ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ನಾಲ್ಕು ತಿಂಗಳಾದರೂ ಬಲ ಹೆಗಲಿನ ನೋವು ಹೋಗಿಲ್ಲ, ಈ ಸಲ ಅಡಿಕೆ ಕೊಯ್ಲಿಗೆ ದೋಟಿ (ಗೊನೆ ಕೊಯ್ಯುವ ಉದ್ದ ಕೋಲು) ಹಿಡಿಯಬಹುದಾ ಅಂತ ಕೇಳಿದ್ದೀರಿ. ಕೈ ಅಲ್ಲಾಡಿಸಲೇಬೇಡಿ ಅಂತ ಕೆಲವರು, ಜೋರಾಗಿ ಉಜ್ಜಿ ಎಳೆಸಿ ಅಂತ ಕೆಲವರು ಬರೆದಿದ್ದಾರೆ. ನಾನು ಎರಡನ್ನೂ ಒಪ್ಪುವುದಿಲ್ಲ. ಬದಿಯಡ್ಕದ ಹತ್ತಿರ ನನ್ನದೂ ಅಡಿಕೆ ತೋಟ. ಇದೇ ಹೆಗಲು ನೋವಿನ ಜೊತೆ ಕೆಲಸ ಮಾಡಿಕೊಂಡು ಬಂದವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎಕ್ಸ್‌ರೇಯಲ್ಲಿ ಕಾಣುವುದು ಎಲುಬು. ಹೆಗಲಿನ ಗುಂಡನ್ನು ಅದರ ಜಾಗದಲ್ಲಿ ಹಿಡಿದು ನಿಲ್ಲಿಸುವುದು ನಾಲ್ಕು ಸ್ನಾಯುಗಳು. ಅವುಗಳ ನಾರು ಹರಿದಿದ್ದರೆ ಎಕ್ಸ್‌ರೇ ಹೇಳುವುದಿಲ್ಲ, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. ಮೇಲಿನ ನಾರು ಎಲುಬಿನ ಅಡಿಯ ಸಣ್ಣ ಸಂದಿಯಲ್ಲಿ ಹಾದುಹೋಗುತ್ತದೆ. ಕೈ ತಲೆಯಿಂದ ಮೇಲೆ ಹೋದಾಗ ಅದಕ್ಕೆ ಒತ್ತು ಬೀಳುತ್ತದೆ. ದೋಟಿ ಕೆಲಸ ಅಂದರೆ ದಿನವಿಡೀ ಅದೇ, ಅಲ್ವಾ?

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮೊಣಕೈ ಪಕ್ಕೆಗೆ ಅಂಟಿಸಿ, ಮುಂಗೈ ಮುಂದಕ್ಕೆ ಚಾಚಿ. ಆಮೇಲೆ ಮುಂಗೈಯನ್ನು ಹೊರಗಡೆಗೆ ತಿರುಗಿಸಿ. ಎಡಗೈಯಷ್ಟು ಹೋಗುತ್ತದಾ ನೋಡಿ. ಹೋಗದಿದ್ದರೆ ಕೈ ಸಡಿಲ ಬಿಟ್ಟು, ಮನೆಯವರ ಹತ್ತಿರ ಮೆಲ್ಲ ತಿರುಗಿಸಲು ಹೇಳಿ. ಅವರು ತಿರುಗಿಸಿದರೂ ಗೋಡೆಗೆ ತಾಗಿದಂತೆ ನಿಂತರೆ ಹೆಗಲು ಬಿಗಿದಿದೆ, ಫ್ರೋಜನ್ ಶೋಲ್ಡರ್ ಇರಬಹುದು. ಬೇರೆಯವರು ಎತ್ತಿದರೆ ಕೈ ಮೇಲೆ ಹೋಗುತ್ತದೆ, ನೀವೇ ಎತ್ತುವಾಗ ಬಲ ಇಲ್ಲ ಅಂತಾದರೆ ನಾರು ಹರಿದ ಸಂಶಯ. ಇದು ಡಾಕ್ಟರ ಪರೀಕ್ಷೆಗೆ ಬದಲಿ ಅಲ್ಲ. ಆದರೆ ಅವರ ಎದುರು ಸರಿಯಾಗಿ ಹೇಳಲು ಸುಲಭವಾಗುತ್ತದೆ.

ಬಿದ್ದ ಮೇಲೆ ಕೈ ಎತ್ತಲು ಬಲವೇ ಇಲ್ಲದಿದ್ದರೆ ಇನ್ನು ಕಾಯಬೇಡಿ. ಪೂರ್ತಿ ಹರಿದ ನಾರು ತಡ ಮಾಡಿದಷ್ಟು ಹಿಂದಕ್ಕೆ ಸರಿಯುತ್ತದೆ, ಮತ್ತೆ ಹೊಲಿಯುವುದು ಕಷ್ಟ. ಈ ವಾರವೇ ಎಲುಬಿನ ಡಾಕ್ಟರನ್ನು ನೋಡಿ. ಅರ್ಧಂಬರ್ಧ ಹರಿದದ್ದಾದರೆ ಬಹಳ ಜನರಿಗೆ ವ್ಯಾಯಾಮದಲ್ಲೇ ಗುಣವಾಗುತ್ತದೆ, ಆದರೆ ಕಡಿಮೆ ಅಂದರೂ ಮೂರು ತಿಂಗಳು ಬಿಡದೆ ಮಾಡಬೇಕು.

ಶುಗರ್ ಪರೀಕ್ಷೆ ಮಾಡಿಸಿದ್ದೀರಾ? ಸಕ್ಕರೆ ಕಾಯಿಲೆ ಇದ್ದವರಿಗೆ ಹೆಗಲು ಬಿಗಿಯುವುದು ಜಾಸ್ತಿ, 40ರಿಂದ 60 ವರ್ಷದೊಳಗೆ ಇನ್ನೂ ಜಾಸ್ತಿ. ಬಿಗಿದದ್ದು ಪೂರ್ತಿ ಬಿಡಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ನೋವು ಜೋರಿರುವಾಗ ಎಳೆದು ಬಗ್ಗಿಸಿದರೆ ಇನ್ನಷ್ಟು ಕೆರಳುತ್ತದೆ. ಎಣ್ಣೆ ಹಚ್ಚಿ ಮೆಲ್ಲ ತಿಕ್ಕಿದರೆ ತೊಂದರೆ ಇಲ್ಲ, ಎಳೆಸುವುದು ಮಾತ್ರ ಬೇಡ. ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ದಿನ ಶುಗರ್ ಏರುತ್ತದೆ. ಮೊದಲೇ ಡಾಕ್ಟರ ಹತ್ತಿರ ಹೇಳಿ.

ವ್ಯಾಯಾಮ ಯಾವುದು, ಎಷ್ಟು ಅಂತ ಫಿಸಿಯೋಥೆರಪಿಯವರು ಕೈ ಮುಟ್ಟಿ ನೋಡಿಯೇ ಹೇಳಬೇಕು. ನನಗೆ ಹಿಡಿಸಿದ್ದು ಇಷ್ಟು. ಎಡಗೈ ಮೇಜಿಗೆ ಊರಿ ಬಗ್ಗಿ ನಿಂತು, ಬಲಗೈ ಸುಮ್ನೆ ನೇತಾಡಲು ಬಿಟ್ಟು ಸಣ್ಣ ಸುತ್ತು ಹಾಕುವುದು. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ಮೇಲೇರುವುದು. ಆಮೇಲೆ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಕಿಟಕಿ ಸರಳಿಗೆ ಕಟ್ಟಿ, ಮೊಣಕೈ ಮತ್ತು ಪಕ್ಕೆಯ ನಡುವೆ ಮಡಚಿದ ಬೈರಾಸು (ಟವೆಲ್) ಇಟ್ಟು, ಮುಂಗೈಯನ್ನು ಹೊರಗೆ ಎಳೆಯುವುದು. ಬೈರಾಸು ಕೆಳಗೆ ಬಿದ್ದರೆ ಮೊಣಕೈ ದೂರ ಹೋಯಿತು ಅಂತ ಗೊತ್ತಾಗುತ್ತದೆ. ಮಾಡುವಾಗ ಸ್ವಲ್ಪ ನೋವಾದರೆ ಅಡ್ಡಿಯಿಲ್ಲ. ರಾತ್ರಿ ನೋವು ಏರಿದರೆ ಮರುದಿನ ಅರ್ಧಕ್ಕೆ ಇಳಿಸಿ.

ರಾತ್ರಿಯೇ ದೊಡ್ಡ ಕಷ್ಟ, ನನಗೆ ಗೊತ್ತು. ಎಡ ಮಗ್ಗುಲಾಗಿ ಮಲಗಿ ಎದೆಯ ಮುಂದೆ ದಪ್ಪ ದಿಂಬು ಇಟ್ಟು ಬಲಗೈ ಅದರ ಮೇಲಿಡಿ. ಅಂಗಿ ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ.

ಇನ್ನು ದೋಟಿ. ಈ ಕೊಯ್ಲಿಗೆ ನೀವು ಹಿಡಿಯಬೇಡಿ ಅಂತಲೇ ನಾನು ಹೇಳುವುದು. ಬಲ ಬಂದ ಮೇಲೆ, ಡಾಕ್ಟರು ಆಗಬಹುದು ಅಂದ ಮೇಲೆ, ಗಿಡ್ಡ ಮರಗಳಿಂದ ಶುರು ಮಾಡಿ. ಅಲ್ಯೂಮಿನಿಯಂ ದೋಟಿಗಿಂತ ಕಾರ್ಬನ್ ಫೈಬರ್ ದೋಟಿ ಹಗುರ, ಆದರೆ ಅದನ್ನೂ ನೆಲದಿಂದ ಎತ್ತಿ ನಿಲ್ಲಿಸುವ ಹೊತ್ತಿಗೇ ಹೆಗಲಿಗೆ ಜಾಸ್ತಿ ಭಾರ. ಎತ್ತಲು ಇನ್ನೊಬ್ಬರು ಇರಲಿ. ಕೈಗಳು ಎದೆಯ ಮಟ್ಟದಲ್ಲೇ ಇರಲಿ, ಗೊನೆ ಎಳೆಯುವಾಗ ತೋಳಿನಿಂದ ಎಳೆಯದೆ ಒಂದು ಹೆಜ್ಜೆ ಹಿಂದಿಟ್ಟು ಮೈಭಾರ ಹಾಕಿ. ಕೊಳೆರೋಗಕ್ಕೆ ಮದ್ದು ಬಿಡುವಾಗಲೂ ಅಷ್ಟೇ. ಬೋರ್ಡೋ (ಮೈಲುತುತ್ತು, ಸುಣ್ಣ ಸೇರಿಸಿದ ಮದ್ದು) ಕಲಸುವುದು, ಪೈಪ್ ನೋಡಿಕೊಳ್ಳುವುದು ನಿಮಗಿರಲಿ, ದೋಟಿ ಬೇರೆಯವರಿಗೆ. ಕೂತು ಅಡಿಕೆ ಸುಲಿಯುವ ಕೆಲಸದಲ್ಲಿ ಕೈ ಕೆಳಗೇ ಇರುತ್ತದೆ, ನೋವು ಏರದಿದ್ದರೆ ಮಾಡಿ.

ಒಂದು ಮಾತು ಎಲ್ಲರಿಗೂ: ಹೆಗಲು ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಕಟ್ಟು ಇದ್ದರೆ ಅದು ಹೃದಯದ್ದಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಹೆಗಲು ಕೆಂಪಾಗಿ ಜ್ವರ ಬಂದರೂ ಕಾಯಬೇಡಿ.

ಸ್ಕ್ಯಾನ್ ಮಾಡಿಸಿದರೆ ರಿಪೋರ್ಟಿನಲ್ಲಿ ಏನು ಬರೆದಿದ್ದಾರೆ ಅಂತ ಇಲ್ಲಿ ತಿಳಿಸಿ. ಕೊಯ್ಲಿಗೆ ಜನ ಬೇಕಾದರೆ ನಮ್ಮ ತೋಟಕ್ಕೆ ಬರುವವರನ್ನು ಕೇಳಿ ನೋಡುತ್ತೇನೆ. ದೀಪಾವಳಿಗೆ ಮೊದಲೇ ಹೇಳಿ, ಆಮೇಲೆ ಅವರು ಸಿಗುವುದು ಕಷ್ಟ.